ಕೃಷ್ಣೆಯ ರಾಡಿಯಲ್ಲಿ ಹದಿನೈದು ಹಲ್ಲು

ಹದಿನೈದು ಹಲ್ಲು! ದಾರದಷ್ಟು ಸಣ್ಣ ಕೆಂಪು ಹುಳ, ಉದ್ದವೆಂದರೆ ಒಂದೆರಡು ಸೆಂಟಿಮೀಟರ್. ಅದರ ತಲೆಯೋ ಸಾಸಿವೆ ಕಾಳಿಗಿಂತ ಚಿಕ್ಕದು. ಆ ತಲೆಯನ್ನು ಗಾಜಿನ ಪಟ್ಟಿಯ ಮೇಲೆ ಚಪ್ಪಟೆಯಾಗಿ ಒತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಲ್ಲದ ಜಾಗದಲ್ಲಿ ಕಡುಕಂದು ಬಣ್ಣದ ಒಂದು ತಟ್ಟೆ ಕಾಣುತ್ತದೆ. ನಟ್ಟನಡುವೆ ಮೂರು ಮೊನೆ ಕೂಡಿದ ದೊಡ್ಡ ಹಲ್ಲು, ಎಡಕ್ಕೆ ಆರು, ಬಲಕ್ಕೆ ಆರು. ಎರಡೂ ಬದಿ ಒಂದನ್ನೊಂದು ಕನ್ನಡಿಯಲ್ಲಿ ನೋಡಿಕೊಂಡಂತೆ ಸರಿಸಮ. ಈಗ ಉಸಿರು ಬಿಗಿಹಿಡಿದು ಎಣಿಸಿ. ಒಂದು ಹಲ್ಲು ಕಮ್ಮಿ ಇದೆಯೇ? ಎರಡು ಬೆಸೆದುಕೊಂಡಿವೆಯೇ? ನಡುವೆ ಬಿರುಕು ಬಿದ್ದಿದೆಯೇ? ಬಹಳಷ್ಟು ಹುಳಗಳಲ್ಲಿ ಹೀಗೇ ಇದ್ದರೆ, ಅವು ಹುಟ್ಟಿ ಬೆಳೆದ ಹೂಳಿನಲ್ಲಿ ಏನೋ ಬೆರೆತಿದೆ ಎಂದು ಅನುಮಾನಿಸಬಹುದು!

ಈ ಹುಳದ ಹೆಸರು ಕೈರೊನೊಮಸ್. ಸಂಜೆ ಹೊತ್ತು ಹೊಳೆದಂಡೆಯ ದೀಪಕ್ಕೆ ಮುತ್ತುವ, ಸೊಳ್ಳೆಯಂತೆ ಕಂಡರೂ ಕಚ್ಚದ ಗುಂಗಾಡಿನ ಮರಿ. ಹಿಂಡುಹಿಂಡಾಗಿ ಹಾರಿ, ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಸಾಯುವ ಆ ಗುಂಗಾಡನ್ನು ಕೈಯಲ್ಲಿ ಬೀಸಿ ಓಡಿಸುವಾಗ ಅದರ ಬಾಲ್ಯವೆಲ್ಲ ನದಿಯ ತಳದಲ್ಲಿ ಕಳೆದಿದೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ಕೃಷ್ಣೆಗೆ ಕಟ್ಟಿದ ಆಯರ್ವಿನ್ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವರ ಕಣ್ಣು ಹೋಗುವುದು ನೀರಿನ ಮಟ್ಟದ ಕಡೆಗೆ. 1929ರ ಈ ಸೇತುವೆ ಇಡೀ ಊರಿಗೆ ಅಳತೆಗೋಲು. 40 ಅಡಿ ಬಂದರೆ ಎಚ್ಚರಿಕೆ, 45 ಅಡಿ ಬಂದರೆ ಅಪಾಯ. 2019ರ ಆಗಸ್ಟ್‌ನಲ್ಲಿ 57 ಅಡಿ ದಾಟಿದಾಗ ಊರೊಳಗೆ ದೋಣಿ ಓಡಿದವು. ನೀರು ಎಷ್ಟು ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ನೀರಿನ ಕೆಳಗೆ ಏನು ಎಂದು ಕೇಳಿದರೆ? ಮೌನ. ಆ ಮೌನದೊಳಗೆ ಲಕ್ಷಾಂತರ ಬಾಯಿಗಳಿವೆ ಎನ್ನುವುದೇ ನನ್ನನ್ನು ಈ ಬರಹಕ್ಕೆ ಹಚ್ಚಿದ್ದು.

ಸಾಂಗ್ಲಿಯ ಕೊಳೆನೀರು ಹೊತ್ತ ಶೇರಿ ನಾಲೆ ಇಲ್ಲೇ ಕೃಷ್ಣೆಗೆ ಸೇರುತ್ತದೆ. ಅದರ ಮೇಲಿನ ದೂರು, ಯೋಜನೆ, ಭರವಸೆಗಳ ಕತೆಗೆ ದಶಕಗಳೇ ಆದವು, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಸ್ವಲ್ಪ ಕೆಳಗೆ ಹರಿಪುರದಲ್ಲಿ ವಾರಣಾ ಬಂದು ಕೂಡುತ್ತಾಳೆ. ನರಸೋಬಾವಾಡಿಯಲ್ಲಿ ಕೊಲ್ಲಾಪುರದ ಕಡೆಯಿಂದ ಪಂಚಗಂಗೆ ಬೆರೆಯುತ್ತಾಳೆ. ನಡುನಡುವೆ ಬಾಂದಾರಗಳು, ಅವೂ ಕೊಲ್ಲಾಪುರ ಮಾದರಿಯವು. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುವುದು, ಮುಂಗಾರಿಗೆ ಮುಂಚೆ ಹಲಗೆ ತೆಗೆಯುವುದು. ನೀರು ನಿಂತಿತೆಂದರೆ ಅದು ಹೊತ್ತು ತಂದದ್ದೆಲ್ಲ ತಳಕ್ಕೆ ಇಳಿಯುತ್ತದೆ. ಕಬ್ಬು ಅರೆಯುವ ಹಂಗಾಮು ನಡೆಯುವುದೂ ಹಲಗೆ ಬಿದ್ದ ಆ ತಿಂಗಳುಗಳಲ್ಲೇ. ನದಿ ತೆಳ್ಳಗಾಗಿ, ನಿಧಾನವಾಗಿ, ತನಗೆ ಬಂದದ್ದನ್ನೆಲ್ಲ ಕೆಳಗೆ ಪದರ ಪದರವಾಗಿ ಇಡುತ್ತಾ ಹೋಗುವ ಕಾಲ ಅದು.

2023ರ ಮಾರ್ಚ್‌ನಲ್ಲಿ ಸಾಂಗ್ಲಿ ಹತ್ತಿರದ ಅಂಕಲಿ ಬಳಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಇಂಥ ಹೊತ್ತಿನಲ್ಲಿ ಬಾಟಲಿ ಹಿಡಿದು ಓಡುತ್ತಾರೆ, ನೀರಿನ ಮಾದರಿ ತುಂಬುತ್ತಾರೆ. ಆದರೆ ಬಾಟಲಿಗೆ ಸಿಗುವುದು ಆ ಗಳಿಗೆಯ ನೀರು ಮಾತ್ರ. ರಾತ್ರಿ ಹಾದುಹೋದ ನೀರು ಬೆಳಗಾಗುವಷ್ಟರಲ್ಲಿ ಎಷ್ಟೋ ದೂರ ಹೋಗಿರುತ್ತದೆ. ನೀರಿಗೆ ನಿಲ್ಲುವ ಸ್ವಭಾವವೇ ಇಲ್ಲ. 2016ರ ಏಪ್ರಿಲ್‌ನಲ್ಲಿ ಕೃಷ್ಣೆಯ ನೀರು ಮಿರಜ್ ಸ್ಟೇಶನ್ನಿನಲ್ಲಿ ಟ್ಯಾಂಕರ್ ವ್ಯಾಗನ್ ಹತ್ತಿ ಬರಗಾಲದ ಲಾತೂರಿಗೆ ರೈಲಿನಲ್ಲೇ ಹೋಯಿತಲ್ಲ! ರಾಡಿ ಹಾಗಲ್ಲ, ಕೂತಲ್ಲೇ ಕೂತಿರುತ್ತದೆ. ಅದರೊಳಗಿನ ಹುಳ, ಬಸವನಹುಳು, ಕಪ್ಪೆಚಿಪ್ಪು ಯಾವುದಕ್ಕೂ ಮೀನಿನಂತೆ ಈಜಿ ಪಾರಾಗುವ ದಾರಿಯಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ, ಚಿಪ್ಪಿನ ಜೀವಿಗಳಾದರೆ ವರ್ಷಗಟ್ಟಲೆ ಬಂದದ್ದನ್ನೆಲ್ಲ ಉಂಡು, ಉಸಿರಾಡಿ, ಮೈಗೆ ಹಚ್ಚಿಕೊಂಡು ಇರುತ್ತವೆ.

ಹಾಗಿದ್ದರೆ ರಾಡಿಯನ್ನೇ ಪ್ರಯೋಗಾಲಯಕ್ಕೆ ಒಯ್ದು ಅದರಲ್ಲಿ ಎಷ್ಟು ಸೀಸ, ಎಷ್ಟು ಕ್ಯಾಡ್ಮಿಯಂ, ಎಷ್ಟು ತಾಮ್ರ ಎಂದು ಅಳೆದರೆ ಮುಗಿಯಿತಲ್ಲ, ಹುಳದ ಹಲ್ಲು ಎಣಿಸುವ ಉಸಾಬರಿ ಯಾಕೆ? ಉತ್ತರ ಸಿಕ್ಕಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಾಂಗ್ಲಿ-ಮಿರಜ್ ನಿಂತಿರುವುದು ದಖ್ಖನಿನ ಕರಿಕಲ್ಲಿನ ಮೇಲೆ. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಅದು. ಆ ಕಲ್ಲಿನ ಹುಟ್ಟಿನಲ್ಲೇ ತಾಮ್ರ, ನಿಕ್ಕಲ್, ಕ್ರೋಮಿಯಂ ತುಸು ಹೆಚ್ಚು. ಅದು ಸವೆದು ಆದ ಎರೆಮಣ್ಣಿನಲ್ಲಿಯೂ, ಆ ಮಣ್ಣು ಕೊಚ್ಚಿ ಬಂದು ಕೂತ ಹೂಳಿನಲ್ಲಿಯೂ ಹೆಚ್ಚು. ಕಾರ್ಖಾನೆಯ ಹೊಗೆಯನ್ನೇ ಕಾಣದ ಹಳ್ಳದ ರಾಡಿಯನ್ನು ಅಳೆದರೂ ಬೇರೆ ದೇಶದ ಅಳತೆಪಟ್ಟಿಯ ಪ್ರಕಾರ ಕೆಂಪು ಗೆರೆ ಬಿದ್ದೀತು! ಬರೀ ಅಂಕಿ ನೋಡಿ ಕೂಗೆಬ್ಬಿಸಿದರೆ ಬೈಸಿಕೊಳ್ಳುವುದು ಸಹ್ಯಾದ್ರಿಯ ಕಲ್ಲು, ತಪ್ಪಿಸಿಕೊಳ್ಳುವುದು ನಿಜವಾದ ಕೊಳೆ.

ಇನ್ನೂ ಒಂದು ಚಮತ್ಕಾರ ಕೇಳಿ. ಗಾಳಿಯಾಡದ ಕರಿ ರಾಡಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದಲ್ಲ, ಅದು ಗಂಧಕದ ಆಟ. ಅಲ್ಲಿ ಹುಟ್ಟುವ ಸಲ್ಫೈಡ್ ಕ್ಯಾಡ್ಮಿಯಂ, ಸೀಸ, ಸತುಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅಲ್ಲಿ ಲೋಹ ಇದ್ದೂ ಇಲ್ಲದಂತೆ, ಹುಳದ ಮೈಗೆ ಹತ್ತುವುದಿಲ್ಲ. ಅದೇ ರಾಡಿಯನ್ನು ಮಹಾಪೂರ ಕಲಕಿ ಆಮ್ಲಜನಕ ತಾಗಿಸಿತೆನ್ನಿ, ಸಲ್ಫೈಡಿನ ಹಿಡಿತ ಸಡಿಲಾಗಿ ಲೋಹ ಹೊರಬೀಳುತ್ತದೆ. ಲೋಹ ಅಷ್ಟೇ, ಅಂಕಿ ಅದೇ, ಆದರೆ ನಿನ್ನೆ ಸುಮ್ಮನಿದ್ದ ರಾಡಿ ಇವತ್ತು ವಿಷ! ಯಂತ್ರ ಒಟ್ಟು ಎಷ್ಟಿದೆ ಎಂದು ಹೇಳೀತು. ಎಷ್ಟು ಜೀವಕ್ಕೆ ತಾಗುತ್ತದೆ ಎಂಬುದನ್ನು ಜೀವವನ್ನೇ ಕೇಳಬೇಕು.

ಕೇಳುವುದು ಹೇಗೆ? ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ದೊಡ್ಡ ಕಾಯಿಲೆ ಎಂದರೆ ಮಿರಜ್ ದವಾಖಾನೆ. ವಾನ್ಲೆಸ್ ಎಂಬ ವೈದ್ಯರು 1894ರಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ಕನ್ನಡದ ರೋಗಿಗಳು ಆ ಊರಿನ ರೈಲು ಹತ್ತಿದವರೇ. ಅಲ್ಲಿನ ಡಾಕ್ಟರು ರಕ್ತದ ಚೀಟಿ ನೋಡಿ, ಹೊಟ್ಟೆ ಮುಟ್ಟಿ, ಊಟ-ನಿದ್ದೆ ವಿಚಾರಿಸಿ, ಮೂರನ್ನೂ ಕೂಡಿಸಿ ರೋಗ ಹೇಳುವ ಹಾಗೆಯೇ ಹೂಳಿಗೂ ಮೂರು ಬಗೆಯ ತಪಾಸಣೆ ಇದೆ. 1985ರಲ್ಲಿ ಎಡ್ವರ್ಡ್ ಲಾಂಗ್ ಮತ್ತು ಪೀಟರ್ ಚಾಪ್‌ಮನ್ ಅಮೆರಿಕದ ಪ್ಯೂಜೆಟ್ ಸೌಂಡ್ ಎಂಬ ಕಡಲಕೊಲ್ಲಿಯ ಹೂಳಿನ ಮೇಲೆ ಕೆಲಸ ಮಾಡುತ್ತಾ ಇದನ್ನು ಮುಂದಿಟ್ಟರು. ಒಂದು, ರಾಸಾಯನಿಕ ಅಳತೆ. ಎರಡು, ಆ ಹೂಳಿನಲ್ಲಿ ಜೀವಿ ಸಾಕಿ ನೋಡುವುದು. ಮೂರು, ನಿಜವಾದ ತಳದಲ್ಲಿ ಯಾರು ಯಾರು ಬದುಕಿದ್ದಾರೆ ಎಂದು ಎಣಿಸುವುದು. ಮೂರೂ ಒಂದೇ ಮಾತು ಹೇಳಿದರೆ ಆಮೇಲೆ ವಾದಕ್ಕೆ ಜಾಗವಿಲ್ಲ.

ಎರಡನೆಯದರ ಸೊಗಸೇ ಬೇರೆ. ಗಾಜಿನ ಬೀಕರಿನಲ್ಲಿ ಅನುಮಾನದ ಹೂಳು, ಮೇಲೆ ಶುದ್ಧ ನೀರು. ಪಕ್ಕದಲ್ಲಿ ನಿರ್ಮಲವಾದ ಹೂಳಿನ ಇನ್ನೊಂದು ಬೀಕರ್. ಎರಡಕ್ಕೂ ಒಂದೇ ವಯಸ್ಸಿನ ಕೈರೊನೊಮಸ್ ಮರಿಗಳನ್ನು ಬಿಡುತ್ತಾರೆ. ಅವು ಜೊಲ್ಲಿನ ರೇಷ್ಮೆಯಿಂದ ರಾಡಿಯ ಕಣಗಳನ್ನು ಹೆಣೆದು ಕೊಳವೆಮನೆ ಕಟ್ಟಿಕೊಳ್ಳುತ್ತವೆ, ಒಳಗೆ ಮೈ ಬಳುಕಿಸಿ ನೀರು ಎಳೆದುಕೊಳ್ಳುತ್ತವೆ. 10 ದಿನದ ಮೇಲೆ ಜರಡಿ ಹಿಡಿದು ಎಷ್ಟು ಉಳಿದವು, ಎಷ್ಟು ತೂಗುತ್ತವೆ ಎಂದು ನೋಡುತ್ತಾರೆ. ಇನ್ನೂ ಕಾದರೆ ಎಷ್ಟು ರೆಕ್ಕೆ ಮೂಡಿ ಹಾರಿದವು ಎಂದು ಎಣಿಸಬಹುದು. ಲುಂಬ್ರಿಕ್ಯುಲಸ್ ಎಂಬ ಇನ್ನೊಂದು ಹುಳವನ್ನು 28 ದಿನ ಹೂಳಿನಲ್ಲಿ ಮೇಯಿಸಿ ಅದರ ಮೈಯಲ್ಲಿ ಎಷ್ಟು ವಿಷ ಸೇರಿತು ಎಂದು ಅಳೆಯುತ್ತಾರೆ. ಇದನ್ನು ಕತ್ತರಿಸಿದರೆ ತಲೆಯಿರುವ ತುಂಡಿಗೆ ಬಾಲ ಬೆಳೆಯುತ್ತದೆ, ಬಾಲದ ತುಂಡಿಗೆ ತಲೆ! ಮೈ ಪಾರದರ್ಶಕ, ಬೆನ್ನಿನ ರಕ್ತನಾಳ ಮಿಡಿಯುವುದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲೇ ಎಣಿಸಬಹುದು.

ಇನ್ನು ಕೆಂಪು ಬಣ್ಣ. ಕೀಟದ ಮೈಯಲ್ಲಿ ನಮ್ಮಂಥ ಕೆಂಪು ರಕ್ತ ಇರುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ಕೈರೊನೊಮಸ್ ಆ ನಿಯಮಕ್ಕೆ ಹೊರತು. ಅದರ ಮೈರಸದಲ್ಲಿ ಹಿಮೋಗ್ಲೋಬಿನ್ ಕರಗಿದೆ. ಉಳಿದ ಜೀವಿಗಳು ಉಸಿರುಗಟ್ಟಿ ಸಾಯುವ ರಾಡಿಯಲ್ಲಿ ಇದ್ದಬದ್ದ ಆಮ್ಲಜನಕವನ್ನು ಹಿಡಿದುಕೊಳ್ಳಲು ಅದೇ ಆಸರೆ. ಇದರ ನೆರೆಯವನು ಟ್ಯೂಬಿಫೆಕ್ಸ್, ಅವನ ಮೈಯೂ ಕೆಂಪು. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಆಹಾರ ಎಂದು ಮಾರುವ, ಉಂಡೆಯಾಗಿ ಹೆಣೆದುಕೊಂಡು ಹೊರಳಾಡುವ ಹುಳ. ಎರೆಹುಳುವಿನ ಬಂಧು. ತಲೆ ರಾಡಿಯೊಳಗೆ, ಬಾಲ ಮೇಲೆ. ಉಸಿರಾಟ ಬಾಲದಿಂದ, ಊಟ ಕೆಳಗೆ! ಕೊಳೆನೀರು ಬೀಳುವ ಕಡೆ ಒಂದು ಚದರ ಮೀಟರಿನಲ್ಲಿ ಇವುಗಳ ಸಂಖ್ಯೆ ಲಕ್ಷ ದಾಟುವುದುಂಟು.

ಮತ್ತೆ ಇವು ಸುಮ್ಮನೆ ಕೂತಿರುವವಲ್ಲ. ಕೆಲವು ಸೆಂಟಿಮೀಟರ್ ಆಳದ ರಾಡಿ ತಿಂದು ಮೇಲ್ಮೈಗೆ ಹಿಕ್ಕೆ ಹಾಕುತ್ತವೆ. ಹಗಲೂ ರಾತ್ರಿ ಆಳದ್ದು ಮೇಲೆ, ಮೇಲಿನದು ಆಳಕ್ಕೆ. ಹೂತುಹೋಯಿತು, ಮುಗಿಯಿತು ಎಂದುಕೊಂಡ ಹಳೆಯ ಕೊಳೆಯನ್ನು ಮತ್ತೆ ಬೆಳಕಿಗೆ ತರುವ ಈ ಲಕ್ಷಾಂತರ ಕೂಲಿಗಳಿಗೆ ಹಾಜರಿ ಪುಸ್ತಕವೇ ಇಲ್ಲ.

ತಳದ ಜೀವಿಗಳಿಂದ ನೀರಿನ ಗತಿ ತಿಳಿಯುವ ವಿದ್ಯೆ ಹೊಸತೇನಲ್ಲ. ಜರ್ಮನಿಯ ಕೋಲ್ಕ್‌ವಿಟ್ಜ್ ಮತ್ತು ಮಾರ್ಸನ್ 1902ರಿಂದ 1909ರ ನಡುವೆ ಯಾವ ಜೀವಿ ಎಷ್ಟು ಕೊಳೆಯಲ್ಲಿ ಬದುಕುತ್ತದೆ ಎಂದು ಪಟ್ಟಿ ಮಾಡಿದರು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಯಮುನೆಯಲ್ಲಿ ಪಳಗಿಸಿದ ಭಾರತೀಯ ಪದ್ಧತಿಯೂ ಇದೆ. ಅದರಲ್ಲಿ ಎರಡು ಅಂಕ. ಒಂದು, ಸಿಕ್ಕ ಜೀವಿಗಳ ಕುಟುಂಬ ನೋಡಿ ಕೊಡುವ 0ಯಿಂದ 10ರ ಅಂಕ. ತಿಳಿನೀರನ್ನೇ ಬೇಡುವ ಸೂಕ್ಷ್ಮ ಕೀಟಗಳ ಮರಿಗಳಿಗೆ ಮೇಲಿನ ಅಂಕ, ಕೆಂಪು ಹುಳಗಳಿಗೆ ತೀರಾ ಕೆಳಗಿನದು. ಎರಡನೆಯದು ವೈವಿಧ್ಯದ ಅಂಕ, 0ಯಿಂದ 1. ಇದರ ಲೆಕ್ಕ ಕೇಳಿದರೆ ಯಾರಿಗಾದರೂ ಚಪ್ಪಾಳೆ ತಟ್ಟಬೇಕೆನಿಸೀತು. ಬಿಳಿ ತಟ್ಟೆಯಲ್ಲಿ ಜೀವಿಗಳನ್ನು ಹರವಿ, ಒಂದೊಂದಾಗಿ ಎತ್ತುತ್ತಾ ಹೋಗುವುದು. ಈಗ ಎತ್ತಿದ್ದು ಹಿಂದಿನದರಂತೆಯೇ ಇದೆಯೇ, ಬೇರೆಯೇ? ಅಷ್ಟೇ ಪ್ರಶ್ನೆ! ಹೆಸರು ಗೊತ್ತಿರಬೇಕಿಲ್ಲ, ಲ್ಯಾಟಿನ್ ಬೇಕಿಲ್ಲ. ಬೇರೆ, ಬೇರೆ, ಬೇರೆ ಎಂದು ಬರುತ್ತಿದ್ದರೆ ಅಂಕ 1ರ ಹತ್ತಿರ. ಅದೇ, ಅದೇ, ಅದೇ ಎಂದರೆ ಸೊನ್ನೆಯತ್ತ. ಮಿರಜ್ ಭಾಗದ ಕನ್ನಡ ಶಾಲೆಯ ಆರನೇ ಇಯತ್ತೆಯ ಮಗು ಮಾಡಬಹುದಾದ ಕೆಲಸ. ಜಾಳಿಗೆ, ತಟ್ಟೆ, ಭೂತಗನ್ನಡಿ ಇದ್ದರೆ ಸಾಕು. ಇದನ್ನು ಪ್ರತಿ ಘಾಟಿನ ಪಕ್ಕದ ಶಾಲೆಯಲ್ಲಿ ಯಾಕೆ ಮಾಡಿಸುವುದಿಲ್ಲ ಎಂಬುದು ನನಗೆ ಅರ್ಥವಾಗದ ಸಂಗತಿ. ರಾಡಿಗೆ ಇಳಿಯುವಾಗ ಕೈಗವಸು, ಬೂಟು ಮಾತ್ರ ಮರೆಯಬಾರದು.

ಹಲ್ಲಿನ ವಿಷಯಕ್ಕೆ ಬರೋಣ. 1971ರಲ್ಲಿ ಹ್ಯಾಮಿಲ್ಟನ್ ಮತ್ತು ಸೇಥರ್ ಎಂಬಿಬ್ಬರು ಕೆನಡಾದ ಸರೋವರಗಳ ಕೈರೊನೊಮಿಡ್ ಮರಿಗಳಲ್ಲಿ ವಿಕಾರಗೊಂಡ ಬಾಯಿಗಳನ್ನು ಕಂಡು, ಇದು ಕೈಗಾರಿಕೆ ಮತ್ತು ಹೊಲಗಳಿಂದ ಬಂದ ರಾಸಾಯನಿಕಗಳ ಗುರುತಿರಬಹುದು ಎಂದರು. ಆಮೇಲೆ ಸ್ವೀಡನ್ನಿನಿಂದ ಹಿಡಿದು ಎಷ್ಟೋ ದೇಶಗಳಲ್ಲಿ ಹಲ್ಲೆಣಿಸುವ ಕೆಲಸ ನಡೆಯಿತು. ಮರಿ ನಾಲ್ಕು ಹಂತ ದಾಟಿ ಬೆಳೆಯುತ್ತದೆ, ಪ್ರತಿಸಲ ಪೊರೆ ಕಳಚುವಾಗ ಬಾಯಿಯನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕು. ಆ ಹೊತ್ತಿಗೆ ಲೋಹವೋ ಕೀಟನಾಶಕವೋ ಅಡ್ಡಬಂದರೆ ಅಚ್ಚು ಕೆಡುತ್ತದೆ. ನಿರ್ಮಲ ನೀರಿನಲ್ಲೂ ನೂರಕ್ಕೆ ಕೆಲವು ಹುಳಗಳ ಹಲ್ಲು ಸೊಟ್ಟಗಿರುತ್ತವೆ, ಪ್ರಯೋಗಾಲಯದಲ್ಲಿ ವಿಷ ಹಾಕಿದಷ್ಟೂ ವಿಕಾರ ಹೆಚ್ಚುತ್ತದೆ ಎಂಬ ನೇರ ಲೆಕ್ಕವೂ ಸಿಕ್ಕಿಲ್ಲ. ಹಾಗಾಗಿ ಹಲ್ಲು ಸಾಕ್ಷಿ ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಆದರೆ ಎಂಥ ಸಾಕ್ಷಿ! ಆ ತಲೆಯ ಕವಚ ಕೈಟಿನ್‌ನದು, ಬೇಗ ಕೊಳೆಯುವುದಿಲ್ಲ. ಸರೋವರದ ಹೂಳಿನಲ್ಲಿ ಸಾವಿರಾರು ವರ್ಷ ಹಾಗೇ ಉಳಿದ ತಲೆಗಳನ್ನು ಹೆಕ್ಕಿ ಆ ಕಾಲದ ಹವೆ ಎಷ್ಟು ಬಿಸಿಯಿತ್ತು ಎಂದು ಓದುವವರಿದ್ದಾರೆ.

ಹಲ್ಲಿಗಿಂತ ಒಳಗೆ ಹೋದರೆ ಇನ್ನೂ ಬೆರಗು. ಇದೇ ಹುಳದ ಜೊಲ್ಲುಗ್ರಂಥಿಯಲ್ಲಿ 1881ರಲ್ಲಿ ಬಾಲ್ಬಿಯಾನಿ ಎಂಬ ಫ್ರೆಂಚ್ ವಿಜ್ಞಾನಿ ದೈತ್ಯ ವರ್ಣತಂತುಗಳನ್ನು ಕಂಡ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಪಟ್ಟೆ ಪಟ್ಟೆಯಾಗಿ ಕಾಣುವಷ್ಟು ದೊಡ್ಡವು. ಕೆಲವು ಕಡೆ ಅವು ಉಬ್ಬಿ ಉಂಗುರದಂತಾಗುತ್ತವೆ, ಅಲ್ಲಿ ಜೊಲ್ಲಿನ ರೇಷ್ಮೆಯ ಪ್ರೋಟೀನಿಗೆ ಆಜ್ಞೆ ಹೊರಡುತ್ತಿರುತ್ತದೆ. ಮಲಿನ ಹೂಳಿನ ಹುಳಗಳಲ್ಲಿ ಆ ಉಂಗುರಗಳು ಕುಗ್ಗುವುದನ್ನು, ವರ್ಣತಂತುಗಳೇ ಅಲ್ಲಲ್ಲಿ ತುಂಡಾಗಿ ತಿರುವುಮುರುವಾಗುವುದನ್ನು ಬಲ್ಗೇರಿಯಾದ ಪರಸ್ಕೇವಾ ಮಿಖೈಲೋವಾ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಹುಳ ಹೊರಗೆ ಆರಾಮಾಗಿ ಕಾಣುತ್ತಿರುವಾಗಲೇ ಒಳಗಿನ ಬರಹ ಅಳಿಸತೊಡಗಿರುತ್ತದೆ!

ಹಾಗಾದರೆ ಹುಳ ಬದುಕಿದೆ ಎಂದರೆ ರಾಡಿ ಚೆನ್ನಾಗಿದೆ ಎಂದೇ? ಇಲ್ಲಿ ನನ್ನ ನಂಬಿಕೆಯೆಲ್ಲ ಬುಡಮೇಲಾಯಿತು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯಲ್ಲಿ ಫೌಂಡ್ರಿ ಕೋವ್ ಎಂಬ ಸಣ್ಣ ಕೊಲ್ಲಿಯಿದೆ. 1953ರಿಂದ 1979ರವರೆಗೆ ಅಲ್ಲಿ ಬ್ಯಾಟರಿ ಕಾರ್ಖಾನೆಯಿಂದ ಕ್ಯಾಡ್ಮಿಯಂ ಬಂದು ಬಿತ್ತು. ತಳ ಬರಿದಾಗಿರಬೇಕಿತ್ತು. ಆದರೆ ಟ್ಯೂಬಿಫೆಕ್ಸಿನ ದಾಯಾದಿ ಲಿಮ್ನೊಡ್ರಿಲಸ್ ಅಲ್ಲಿ ತುಂಬಿತುಳುಕುತ್ತಿತ್ತು. ಕ್ಲರ್ಕ್ಸ್ ಮತ್ತು ಲೆವಿಂಟನ್ 1989ರಲ್ಲಿ ತೋರಿಸಿದ್ದು ಹೀಗೆ: ಆ ಹುಳಗಳು ವಿಷ ತಡೆಯುವ ತಳಿಯಾಗಿ ಮಾರ್ಪಟ್ಟಿವೆ, ಅದೂ ಮೂವತ್ತೇ ವರ್ಷದೊಳಗೆ! ಶುದ್ಧ ರಾಡಿಯಲ್ಲಿ ಸಾಕಿದ ಮರಿ, ಮೊಮ್ಮರಿಗಳಿಗೂ ಆ ಶಕ್ತಿ ಬಂದಿತ್ತು. ವಿಕಾಸ ಎಂದರೆ ಲಕ್ಷಾಂತರ ವರ್ಷ ಎಂದು ನಾವು ಪಾಠ ಒಪ್ಪಿಸಿದ್ದೇವೆ. ಅದು ಒಂದು ಕಾರ್ಖಾನೆಯ ಆಯುಷ್ಯದೊಳಗೆ ನಡೆದುಹೋಯಿತು. 1994-95ರಲ್ಲಿ ಕೊಲ್ಲಿಯ ಹೂಳೆತ್ತಿದ ಮೇಲೆ ಕೆಲವೇ ತಲೆಮಾರಿನಲ್ಲಿ ಆ ತಡೆಶಕ್ತಿಯೂ ಕರಗಿತು. ಭಯ ಹುಟ್ಟಿಸುವುದು ಬೇರೆಯೇ. ಈ ಹುಳಗಳು ಕ್ಯಾಡ್ಮಿಯಂ ಹೊರಹಾಕುತ್ತಿರಲಿಲ್ಲ, ಮೈಯಲ್ಲೇ ಕಟ್ಟಿಟ್ಟುಕೊಳ್ಳುತ್ತಿದ್ದವು. ಹುಳಗಳನ್ನು ತಿಂದ ಸಿಗಡಿಯ ಮೈಗೆ ಅದು ದಾಟುತ್ತಿತ್ತು.

ಅಂದಮೇಲೆ ನಮ್ಮ ಬಾಂದಾರಗಳ ಹಿಂದೆ ಕೂತ ರಾಡಿಯಲ್ಲಿ ಯಾರು ಬದುಕಿದ್ದಾರೆ ಎಂಬ ಪ್ರಶ್ನೆಯಷ್ಟೇ ಅವರ ಮೈಯೊಳಗೆ ಏನಿದೆ ಎಂಬ ಪ್ರಶ್ನೆಯೂ ದೊಡ್ಡದು. ಅದಕ್ಕೆ ತಕ್ಕ ಜೀವಿ ಕಪ್ಪೆಚಿಪ್ಪು. ನಮ್ಮ ನದಿಗಳ ಲ್ಯಾಮೆಲಿಡೆನ್ಸ್ ಜಾತಿಯ ಚಿಪ್ಪು ಅರ್ಧ ಮೈ ಹೂಳಿನಲ್ಲಿ ಹೂತು, ದಿನವಿಡೀ ಲೀಟರುಗಟ್ಟಲೆ ನೀರು ಸೋಸುತ್ತಾ, ಲೋಹವನ್ನು ಕಿವಿರು ಮತ್ತು ಮಾಂಸದಲ್ಲಿ ಕೂಡಿಹಾಕಿಕೊಳ್ಳುತ್ತದೆ. ಹೊಳೆದಂಡೆಯ ಬಡವರು ಇದನ್ನು ತಿನ್ನುವುದೂ ಉಂಟು ಎಂಬುದನ್ನು ಪ್ರಯೋಗಾಲಯದವರು ಮರೆಯಬಾರದು.

ಇದು ಸಾಂಗ್ಲಿಯವರ ತಲೆನೋವು ಎಂದು ಈಚೆ ಕಡೆಯವರು ಕೈತೊಳೆದುಕೊಳ್ಳುವಂತೆಯೂ ಇಲ್ಲ. ರಾಜಾಪುರ ಬಾಂದಾರ ದಾಟಿದರೆ ಕೃಷ್ಣೆ ಕರ್ನಾಟಕದವಳು. ಮಿರಜ್‌ನಿಂದ ಬೆಳಗಾವಿ ರೈಲು ಹತ್ತಿದರೆ ಉಗಾರ ಬಿಟ್ಟು ಕುಡಚಿ ಬರುವಷ್ಟರಲ್ಲಿ ಅವಳ ಮೇಲೇ ಹಾಯುತ್ತೀರಿ. ಆಮೇಲೆ ಹಿಪ್ಪರಗಿ, ಆಮೇಲೆ ಆಲಮಟ್ಟಿಯ ವಿಶಾಲ ನಿಂತನೀರು. ಪೂರ ಬಂದಾಗಲೆಲ್ಲ ಹೂಳು ಗಡಿ ದಾಟುತ್ತದೆ. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡದ ಸಾಹಿತಿಗಳಾದ ಗೋಕಾಕರೂ ರಂ.ಶ್ರೀ. ಮುಗಳಿಯವರೂ ಪಾಠ ಹೇಳುತ್ತಿದ್ದ ಕಾಲಕ್ಕೆ ಈ ಹೊಳೆಗೆ ಈಗಿನ ರಾಜ್ಯಗಡಿ ಇರಲಿಲ್ಲ. ಈಗ ರಾಜ್ಯ ಎರಡು, ಮಂಡಳಿ ಎರಡು, ವರದಿ ಎರಡು. ಒಂದೇ ಜಾಳಿಗೆ, ಒಂದೇ ಬಿಳಿ ತಟ್ಟೆ ಹಿಡಿದು ಹರಿಪುರದಿಂದ ಹಿಪ್ಪರಗಿಯವರೆಗೆ ಎಣಿಸಿಕೊಂಡು ಹೋದರೆ ಎಷ್ಟು ಕತೆ ಹೊರಬಿದ್ದೀತು!

ಅಷ್ಟಕ್ಕೇ ನಿಲ್ಲುವಂತಿಲ್ಲ, ಏಕೆಂದರೆ ರಾಡಿಗೆ ರೆಕ್ಕೆಯೂ ಇದೆ. ಕೈರೊನೊಮಸ್ ಮರಿ ಗುಂಗಾಡಾಗಿ ಮೇಲೇಳುವಾಗ ಲೋಹಗಳ ಬಹುಪಾಲನ್ನು ಹಳೆಯ ಪೊರೆಯ ಜೊತೆ ಕೆಳಗೇ ಬಿಟ್ಟುಬರುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿಯಂಥ ಕೊಬ್ಬಿಗೆ ಅಂಟುವ ರಾಸಾಯನಿಕಗಳನ್ನು ಬಿಡದೆ ಮೈಯಲ್ಲಿ ಹೊತ್ತು ಹಾರುತ್ತದೆ. ದಂಡೆಯ ಜೇಡ ಅದನ್ನು ತಿನ್ನುತ್ತದೆ, ಜೇಡವನ್ನು ಹಕ್ಕಿ. ಅಮೆರಿಕದ ಹಾರ್ಟ್‌ವೆಲ್ ಜಲಾಶಯದಲ್ಲಿ ಸಂಶೋಧಕರು ದಂಡೆಯ ಜೇಡಗಳನ್ನು ಹಿಡಿದು ಪಿಸಿಬಿ ಅಳೆದು, ತಳದ ಹೂಳು ಎಲ್ಲೆಲ್ಲಿ ಎಷ್ಟು ಕೆಟ್ಟಿದೆ ಎಂದು ಹೇಳಿದ್ದಾರೆ. ಅಂದರೆ ಆಯರ್ವಿನ್ ಸೇತುವೆಯ ಕಮಾನಿನಲ್ಲಿ ಬಲೆ ನೇಯ್ದು ಕೂತ ಜೇಡದ ಹೊಟ್ಟೆಯಲ್ಲೂ ಕೃಷ್ಣೆಯ ತಳದ ಒಂದಿಷ್ಟು ವರ್ತಮಾನ ಸಿಕ್ಕೀತು, ಹೊಳೆಗೆ ಇಳಿದು ಕಾಲು ತೋಯಿಸಿಕೊಳ್ಳದೆಯೇ.